ಪಿಯುಸಿ ಆದ್ಮೇಲೆ ಏನು? ಭಾಗ 6: ಅವ್ವನ ಬೋರಮಾಳ ಮತ್ತು ಸೋನೋಗ್ರಫಿ ಕೋರ್ಸ್

"6 ತಿಂಗಳಲ್ಲಿ ಸೋನೋಗ್ರಫಿ ಟೆಕ್ನಿಷಿಯನ್. ಕೆಲಸ ಗ್ಯಾರಂಟಿ!"

ನಿಮ್ಮ ವಾಟ್ಸಾಪ್‌ಗೂ ಇಂಥ ಪೋಸ್ಟರ್ ಬಂದಿರಬಹುದು. ನಮ್ಮ ಮನೆಗೆ ಬಂದದ್ದು ತಂಗಿಯ ಪಿಯುಸಿ ಸೈನ್ಸ್ ರಿಸಲ್ಟ್ ಬಂದ ವಾರ. ಫೀ 45 ಸಾವಿರ. ಅವ್ವ ಬೋರಮಾಳ ತೆಗೆದು ನನ್ನ ಮುಂದಿಟ್ಟಳು. "ನೀ ಬಿಕಾಂ ಓದಾಕತ್ತೀಯಲ್ಲ, ಅಡವಿಟ್ರ ಬಡ್ಡಿ ಎಷ್ಟಾಕ್ಕೈತಿ ನೋಡು."

ಲೆಕ್ಕ ಹಾಕಿ ಕೊಟ್ಟೆ. ಬಡ್ಡಿ ಸರಿಯಾಗೇ ಇತ್ತು. ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿರಲಿಲ್ಲ: ಈ ಕೆಲಸ ನಮ್ಮಲ್ಲಿ ಐತೇನು?

ಚಿಕ್ಕೋಡಿಯ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಮ್ಮ ಪರಿಚಯದ ಅಕ್ಕ ಇದ್ದಾರೆ. ತಂಗಿನ್ನ ಕರ್ಕೊಂಡು ಹೋದೆ. ಅಕ್ಕ ನಕ್ಕು ಅಂದ್ರು: "ತಂಗಿ, ನಾ ಜೆಲ್ ಹಚ್ಚತೀನಿ, ಫಾರ್ಮ್ ಎಫ್ ತುಂಬತೀನಿ, ರಿಜಿಸ್ಟರ್ ಬರೀತೀನಿ. ಪ್ರೋಬ್ ಹಿಡಿಯೋರು ಡಾಕ್ಟರೇ. ನಾ ಹಿಡಿದ್ರ ಸೆಂಟರ್‌ಗೆ ಬೀಗ."

ವಿಷಯ ಇಷ್ಟೇ. ಅಮೆರಿಕದಲ್ಲಿ ಸೋನೋಗ್ರಾಫರ್ ಅನ್ನೋದು ಬೇರೆಯೇ ವೃತ್ತಿ. ರೀಲ್ಸ್‌ನಲ್ಲಿ ಕಾಣುವ ಸಂಬಳ ಅಲ್ಲಿಯದು. ನಮ್ಮಲ್ಲಿ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಗರ್ಭಿಣಿಯರ ಸ್ಕ್ಯಾನಿಂಗ್ ಮಾಡೋದು ಅರ್ಹತೆ ಇರುವ ಡಾಕ್ಟರ್ ಮಾತ್ರ. 2014ರ ನಿಯಮದಲ್ಲಿ 6 ತಿಂಗಳ ತರಬೇತಿ ಇದೆ ನಿಜ, ಆದರೆ ಅದು ಎಂಬಿಬಿಎಸ್ ಮುಗಿಸಿದವರಿಗೆ!

ಇಷ್ಟು ಬಿಗಿ ಯಾಕೆ ಅಂತೀರಾ? ಕಾಗವಾಡದಿಂದ ಮಿರಜ್ ಕಡೆ ಹೊರಟರೆ ಗಡಿ ದಾಟುತ್ತಲೇ ಮ್ಹೈಸಾಳ ಸಿಗುತ್ತದೆ. 2017ರ ಮಾರ್ಚ್‌ನಲ್ಲಿ ಅಲ್ಲಿ ಗರ್ಭಪಾತದಲ್ಲಿ ಒಬ್ಬ ಹೆಣ್ಣುಮಗಳು ತೀರಿಕೊಂಡ ಮೇಲೆ ಪೊಲೀಸರು ಅಗೆದಾಗ 19 ಭ್ರೂಣ ಸಿಕ್ಕವು. ತನಿಖೆ ಗಡಿ ದಾಟಿ ಈ ಕಡೆಗೂ ಬಂತು. ಆಗ ನಾನು ಶಾಲೆಯಲ್ಲಿದ್ದೆ. ದೊಡ್ಡವರು ಈ ಸುದ್ದಿ ಮಾತಾಡುವಾಗ ತಂಗಿ ಒಳಗೆ ಬಂದರೆ ಸುಮ್ಮನಾಗುತ್ತಿದ್ದರು. "ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಅನ್ನೋ ಬೋರ್ಡ್ ಸುಮ್ಮನೆ ತೂಗುಹಾಕಿದ್ದಲ್ಲ. ಮೊದಲ ತಪ್ಪಿಗೇ 3 ವರ್ಷದವರೆಗೆ ಜೈಲು.

ಹಾಗಾದ್ರೆ ದಾರಿ ಇಲ್ವಾ? ಐತಿ. ಹೆಸರು ಬೇರೆ: ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ. ಎಕ್ಸ್‌ರೇ, ಸಿಟಿ, ಎಂಆರ್‌ಐ ಯಂತ್ರ ನಡೆಸೋರು ಇವರೇ. ಕರ್ನಾಟಕ ಪ್ಯಾರಾಮೆಡಿಕಲ್ ಬೋರ್ಡ್‌ನ ಡಿಪ್ಲೊಮಾ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿ ಇದೆ, ಇಂಟರ್ನ್‌ಶಿಪ್ ಸೇರಿ 4 ವರ್ಷ, ಪಿಯುಸಿ ಸೈನ್ಸ್ ಬೇಕು. ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತೆ, ಮೈಗೆ ತಗುಲಿದ ವಿಕಿರಣ ಎಷ್ಟು ಅಂತ ಅಳೆಯೋಕೆ. ಇಂಥ ವೃತ್ತಿಗಳಿಗೆ ನೋಂದಣಿ ಬೇಕು ಅಂತ 2021ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿದೆ.

ದುಡ್ಡು ಕಟ್ಟೋ ಮೊದಲು ಮೂರು ಪ್ರಶ್ನೆ ಕೇಳಿ:
1. ಸರ್ಟಿಫಿಕೇಟ್ ಕೊಡೋದು ಯಾವ ಬೋರ್ಡ್, ಯಾವ ಯೂನಿವರ್ಸಿಟಿ?
2. ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ?
3. ಕಲಿತ ಕೆಲಸವನ್ನ ನಾನೇ ಮಾಡೋಕೆ ಕಾನೂನು ಬಿಡುತ್ತಾ?

ಪೋಸ್ಟರ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿ ತಂಗೀನೇ ಕೇಳಿದ್ಲು. ಮೂರನೇದಕ್ಕೆ "ಮೊದ್ಲು ಅಡ್ಮಿಷನ್ ಮಾಡ್ರಿ" ಅಂದ್ರು. ಅವಳು ಫೋನ್ ಇಟ್ಟಳು. ಈಗ ಬಿಎಸ್ಸಿಗೆ ಅರ್ಜಿ ಹಾಕೋಕೆ ಕೂತಿದ್ದಾಳೆ. 4 ವರ್ಷದ ಖರ್ಚು 45 ಸಾವಿರದಲ್ಲಿ ಮುಗಿಯೋದಿಲ್ಲ, ಗೊತ್ತು. ಬೋರಮಾಳ ಮುಂದೆ ಅಡವಿಗೆ ಹೋಗಲೂಬಹುದು. ಹೋದ್ರೂ ಇರೋ ಕೆಲಸಕ್ಕೇ ಹೋಗ್ಲಿ.

ನಿಮ್ಮನೆಯಲ್ಲೂ ಪಿಯುಸಿ ಮುಗಿಸಿದವರಿದ್ರೆ ಇದನ್ನ ಕಳಿಸಿ. ನಿಮಗೆ ಬಂದ ಪೋಸ್ಟರ್‌ನಲ್ಲಿ ಏನಿತ್ತು? ಕಾಮೆಂಟ್‌ನಲ್ಲಿ ಬರೀರಿ.

#ಪಿಯುಸಿಆದ್ಮೇಲೆ #ಚಿಕ್ಕೋಡಿ #ಕಾಗವಾಡ #ಅಥಣಿ #ರಾಯಬಾಗ #ನಿಪ್ಪಾಣಿ