ಕಡತಕ್ಕೆ ಸೇರಿಸದ ನಕ್ಷೆ

ಬೇರೆಯವರ ಪಶ್ಚಾತ್ತಾಪವನ್ನು ಬರೆದುಕೊಡುವ ಕೆಲಸ ಈ ಜೈಲಿನಲ್ಲಿ ಬಹಳ ಕಾಲದಿಂದ ನನ್ನ ಪಾಲಿಗೆ ಬಂದಿದೆ. ಅಕ್ಷರ ದುಂಡಗಿದೆ, ಕಚೇರಿಯ ಭಾಷೆ ಗೊತ್ತಿದೆ ಎಂದು ಬ್ಯಾರಕ್ಕಿನವರು ಹಾಳೆ ಹಿಡಿದು ಬರುತ್ತಾರೆ. ಪೆರೋಲ್ ಅರ್ಜಿ, ಹೈಕೋರ್ಟಿಗೆ ಜೈಲು ಅಪೀಲು, ಬೇರೆ ಜೈಲಿಗೆ ವರ್ಗ ಕೇಳುವ ಮನವಿ, ಎಲ್ಲಕ್ಕಿಂತ ಕೊನೆಗೆ ಸನ್ನಡತೆಯ ಮೇಲೆ ಅವಧಿಪೂರ್ವ ಬಿಡುಗಡೆಯ ಅರ್ಜಿ. ಆ ಅರ್ಜಿಯಲ್ಲಿ ಒಂದು ಸಾಲನ್ನು ಎಲ್ಲರಿಗೂ ಬರೆದಿದ್ದೇನೆ: ‘ನಾನು ಮಾಡಿದ ತಪ್ಪಿನ ಅರಿವಾಗಿ ಸಂಪೂರ್ಣ ಮನಃಪರಿವರ್ತನೆ ಹೊಂದಿರುತ್ತೇನೆ.’ ಓದು ಬಲ್ಲವರು ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಅವರಲ್ಲಿ ನಿಜವಾಗಿ ಬದಲಾದವರಿದ್ದರು. ಹಾಸಿಗೆ ಹಿಡಿದ ಮುದಿ ಕೈದಿಯ ಮಲ ಬಳಿದು, ರಾತ್ರಿಯೆಲ್ಲ ಪಕ್ಕದಲ್ಲಿ ಕೂತವರಿದ್ದರು. ಅವರಿಗೂ ಅದೇ ಸಾಲು, ಕಿಂಚಿತ್ತೂ ಬದಲಾಗದವರಿಗೂ ಅದೇ ಸಾಲು. ಕೊಲೆ ಮಾಡಿಲ್ಲವೆಂದು ನಾನು ಮನಸಾರೆ ನಂಬಿರುವ ಒಬ್ಬನಿಗೂ ಅದನ್ನೇ ಬರೆದುಕೊಟ್ಟೆ. ಮಾಡದ ತಪ್ಪಿಗೆ ಮನಃಪರಿವರ್ತನೆಯಾಗಿದೆ ಎಂದು ಒಪ್ಪದೆ ಅವನಿಗೆ ಹೊರಗೆ ಹೋಗಲು ಬೇರೆ ದಾರಿ ಇರಲಿಲ್ಲ. ಅವನು ಸಹಿ ಹಾಕುವಾಗ ನನ್ನ ಮುಖ ನೋಡಲಿಲ್ಲ.

ಈಗ ನನ್ನ ಸರದಿ.

ಜೀವಾವಧಿಯೆಂದರೆ ಹದಿನಾಲ್ಕು ವರ್ಷ ಎಂದು ಒಳಗೆ ಹೊಸದಾಗಿ ಬಂದವರೆಲ್ಲ ನಂಬಿರುತ್ತಾರೆ. ನಾನೂ ನಂಬಿದ್ದೆ. ಜೀವಾವಧಿಯೆಂದರೆ ಜೀವ ಇರುವವರೆಗೆ ಎಂದು ಸುಪ್ರೀಂ ಕೋರ್ಟು ಗೋಪಾಲ ಗೋಡ್ಸೆಯ ಪ್ರಕರಣದಲ್ಲಿ 1961ರಲ್ಲೇ ಹೇಳಿದೆ. ಹದಿನಾಲ್ಕು ಎಂಬ ಅಂಕಿ 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 433ಎ ಕಲಮಿನದು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 475. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಪಡೆದವನನ್ನು 14 ವರ್ಷ ಒಳಗೆ ಕಳೆಯುವ ಮೊದಲು ಬಿಡುವಂತಿಲ್ಲ ಎಂದಷ್ಟೇ ಅದರ ಮಾತು. ಆಮೇಲೆ ಬಿಡಲೇಬೇಕು ಎಂದಲ್ಲ. ಬಿಡುಗಡೆ ನನ್ನ ಹಕ್ಕಲ್ಲ, ನನ್ನ ಹೆಸರನ್ನು ಪರಿಶೀಲಿಸಿ ಎಂದು ಕೇಳುವುದಷ್ಟೇ ಹಕ್ಕು. 2025ರ ಫೆಬ್ರವರಿಯಿಂದ ಈಚೆಗೆ ಕೇಳಬೇಕಾಗಿಯೂ ಇಲ್ಲ. ಅವಧಿಪೂರ್ವ ಬಿಡುಗಡೆಯ ನೀತಿ ಇರುವ ರಾಜ್ಯಗಳಲ್ಲಿ ಕೈದಿಗೆ ಅರ್ಹತೆ ಬಂದ ಕೂಡಲೇ ಸರ್ಕಾರ ತಾನಾಗಿಯೇ ಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ.

ಆದರೂ ಕಾನೂನು ನೆರವಿನ ವಕೀಲರು ಒಂದು ಹೇಳಿಕೆ ಬರೆದುಕೊಡಿ ಎಂದರು. ‘ನೀವು ಹೇಗೆ ಬದಲಾಗಿದ್ದೀರಿ ಅನ್ನೋದನ್ನ ನಿಮ್ಮ ಮಾತಲ್ಲೇ ಬರೀರಿ. ಜೊತೆಗೆ ದಾಖಲೆ ಇಡಿ.’ ದಾಖಲೆ ಹೊಂದಿಸುವುದು ಕಷ್ಟವಾಗಲಿಲ್ಲ. ಕೈಮಗ್ಗದ ವಿಭಾಗದಲ್ಲಿ ದುಡಿದದ್ದಕ್ಕೆ ಪತ್ರ, ಇಗ್ನೊದ ಅಂಕಪಟ್ಟಿ, ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿಸಿದ್ದಕ್ಕೆ ಪತ್ರ, ಗಳಿಸಿದ ಮಾಫಿ ದಿನಗಳ ಲೆಕ್ಕ, ಪೆರೋಲಿಗೆ ಹೋದವನು ಹೇಳಿದ ದಿನಕ್ಕೆ ವಾಪಸು ಬಂದ ದಾಖಲೆ. ಅವೆಲ್ಲ ನಿಜ. ನಾನು ದುಡಿದೆ, ಓದಿದೆ, ಕಲಿಸಿದೆ, ಓಡಿಹೋಗಲಿಲ್ಲ.

ಹೇಳಿಕೆಯ ಹಾಳೆ ಮಾತ್ರ ಖಾಲಿಯೇ ಉಳಿಯಿತು.

ಲಕ್ಷ್ಮಣ ನಸ್ಕರ್ ಪ್ರಕರಣದಲ್ಲಿ, 2000ದಲ್ಲಿ, ಇಂಥ ಬಿಡುಗಡೆಗೆ ಮುನ್ನ ನೋಡಬೇಕಾದ ಕೆಲವು ಪ್ರಶ್ನೆಗಳನ್ನು ಸುಪ್ರೀಂ ಕೋರ್ಟು ಎತ್ತಿ ಹೇಳಿತು. ಅಪರಾಧ ಸಮಾಜವನ್ನೇ ತಟ್ಟಿತೇ, ಮತ್ತೆ ನಡೆಯುವ ಸಂಭವವಿದೆಯೇ, ಇವನನ್ನು ಇನ್ನೂ ಒಳಗಿಡುವುದರಿಂದ ಪ್ರಯೋಜನವಿದೆಯೇ, ಮನೆಯವರ ಸ್ಥಿತಿ ಹೇಗಿದೆ. ಅವುಗಳ ನಡುವೆ ಒಂದಿದೆ: ಅಪರಾಧ ಮಾಡುವ ಸಾಮರ್ಥ್ಯವನ್ನು ಇವನು ಕಳೆದುಕೊಂಡಿದ್ದಾನೆಯೇ? ಬೇರೆಯವರ ಅರ್ಜಿಯಲ್ಲಿ ಇದಕ್ಕೆ ನಾನು ವಯಸ್ಸು, ಸಕ್ಕರೆ ಕಾಯಿಲೆ, ಮಂಡಿನೋವು ಬರೆಯುತ್ತಿದ್ದೆ. ನನಗೂ ಮಂಡಿನೋವಿದೆ. ಆದರೆ ಆ ದಿನ ಕೊಂದದ್ದು ನನ್ನ ತೋಳಿನ ಬಲ ಅಲ್ಲ.

ದೊಡ್ಡಪ್ಪನ ಮಗ, ನನಗಿಂತ ದೊಡ್ಡವನು. ಚಿಕ್ಕಂದಿನಲ್ಲಿ ನನಗೆ ಈಜು ಕಲಿಸಿದವನು. ನಮ್ಮ ಹೊಲಕ್ಕೂ ಅವನ ಹೊಲಕ್ಕೂ ನಡುವೆ ಒಂದು ಬದು. ಉಳುವಾಗ ವರ್ಷ ವರ್ಷ ಒಂದಿಷ್ಟು ಕಡಿಯುತ್ತಾನೆಂದು ಮಾತಿಗೆ ಮಾತು ಬೆಳೆದು, ಒಂದು ಬೆಳಿಗ್ಗೆ ಗುದ್ದಲಿಯಿಂದ ಅವನ ತಲೆಗೆ ಹೊಡೆದೆ. ಎರಡು ಏಟು. ಮೊದಲನೆಯದಕ್ಕೇ ಅವನು ಬಿದ್ದಿದ್ದ. ಎರಡನೆಯದು ಬಿದ್ದವನಿಗೆ ಹೊಡೆದದ್ದು.

ಇದನ್ನು ಹೀಗೆ ಬರೆಯಲು ಇಷ್ಟು ವರ್ಷ ಬೇಕಾಯಿತು, ಅದಕ್ಕೊಂದು ಕಾರಣವಿದೆ. ವಿಚಾರಣೆಯ ಕೊನೆಗೆ ನ್ಯಾಯಾಧೀಶರು ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನಂತೆ ಸಾಕ್ಷ್ಯದ ಒಂದೊಂದೇ ಅಂಶವನ್ನು ಓದಿ ಕೇಳಿದರು. ಎಲ್ಲಕ್ಕೂ ‘ಸುಳ್ಳು’ ಅಂದೆ. ಆಮೇಲೆ ಹೈಕೋರ್ಟಿನಲ್ಲಿ ಅಪೀಲು ವರ್ಷಗಟ್ಟಲೆ ನಡೆಯಿತು. ಆ ಕಾಲದಲ್ಲಿ ಆಪ್ತಸಮಾಲೋಚಕಿಯೊಬ್ಬರು ಬಂದು, ಏನಾಯಿತು ಹೇಳಿ ಎಂದು ಮೃದುವಾಗಿ ಕೇಳಿದರೆ, ‘ಕೇಸು ನಡೀತಿದೆ ಮೇಡಂ’ ಎಂದು ಎದ್ದುಬಿಡುತ್ತಿದ್ದೆ. ಒಪ್ಪದೆ ಇರುವ ಹಕ್ಕು ಆರೋಪಿಗೆ ಬೇಕೇ ಬೇಕು, ನಿರಪರಾಧಿಗಳು ಉಳಿಯುವುದು ಅದರಿಂದಲೇ. ಆ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ತಪ್ಪು ಮಾಡಿದವನು ಅಷ್ಟು ಕಾಲ ಇಲ್ಲ ಇಲ್ಲ ಎಂದು ಹೇಳಿಕೊಂಡು ಬದುಕಿದರೆ ಒಳಗೆ ಏನಾಗುತ್ತದೆ ಎಂಬುದನ್ನು ಯಾರಾದರೂ ಯೋಚಿಸಬೇಕು. ನನ್ನ ನೆನಪಿನಲ್ಲಿ ಎರಡನೆಯ ಏಟು ಮಸುಕಾಗಿತ್ತು. ಅಪೀಲು ವಜಾ ಆದ ಮೇಲೆ ಕಾನೂನಿಗೆ ನನ್ನ ನಿರಾಕರಣೆ ಬೇಡವಾಯಿತು, ನನ್ನ ಪಶ್ಚಾತ್ತಾಪ ಬೇಕಾಯಿತು. ಬೇಕು ಅಂದ ಕೂಡಲೇ ಅದು ಬರಲಿಲ್ಲ. ಕೋರ್ಟಿನ ಪ್ರತಿಯಲ್ಲಿ ಮರಣೋತ್ತರ ಪರೀಕ್ಷೆಯ ಪುಟಗಳನ್ನು ನಾನೇ ಕೂತು ಓದಿದೆ. ತಲೆಯ ಎಡಭಾಗದಲ್ಲಿ ಒಂದು ಗಾಯ, ಹಿಂಭಾಗದಲ್ಲಿ ಒಂದು. ಎದುರಿಗೆ ನಿಂತವನ ತಲೆಯ ಹಿಂಭಾಗಕ್ಕೆ ಗುದ್ದಲಿ ತಗಲುವುದಿಲ್ಲ.

ಇಲ್ಲಿಂದ ಹೇಳಿಕೆ ಶುರುವಾಗಬೇಕು ಎಂದು ಆಗ ಹೊಳೆಯಿತು. ಮುಂದಿನದು ಇನ್ನೂ ಕಷ್ಟದ್ದು: ಅಂಥ ಗಳಿಗೆ ಮತ್ತೆ ಬಂದರೆ ನಾನೇನು ಮಾಡುತ್ತೇನೆ? ಜೈಲಿನಲ್ಲಿ ಹೊಲವಿಲ್ಲ, ಬದುವಿಲ್ಲ, ಕೈಗೆ ಗುದ್ದಲಿ ಸಿಗುವುದು ಕಾವಲಿನವರ ಕಣ್ಣೆದುರು. ಇಲ್ಲಿ ಸಾಧುವಾಗಿರುವುದು ಹೊರಗೂ ಹಾಗೇ ಇರುತ್ತೇನೆ ಎಂಬುದಕ್ಕೆ ಎಷ್ಟರಮಟ್ಟಿಗೆ ಸಾಕ್ಷಿ? ಹುಡುಕಿದೆ. ಬದು ಇಲ್ಲೂ ಇತ್ತು. ತುಂಬಿದ ಬ್ಯಾರಕ್ಕಿನಲ್ಲಿ ಒಬ್ಬೊಬ್ಬನಿಗೆ ಮಲಗಲು ಸಿಗುವುದು ಮೈ ಹಿಡಿಸುವಷ್ಟು ಜಾಗ. ಪಕ್ಕದವನ ಹಾಸಿಗೆಯ ಅಂಚು ದಿನಕ್ಕಿಷ್ಟು ನನ್ನ ಕಡೆ ಸರಿಯುತ್ತಿತ್ತು. ಒಂದು ರಾತ್ರಿ ಎದ್ದು ಕೂತೆ. ಕಿವಿಯ ಹಿಂದೆ ಅದೇ ಬಿಸಿ, ಹೊಲದಲ್ಲಿ ಆದದ್ದೇ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ ಅದು ಇಳಿಯುವ ತನಕ ಕೂತಿದ್ದೆ. ಬೆಳಿಗ್ಗೆ ಅದನ್ನು ಪುಸ್ತಕದಲ್ಲಿ ಬರೆದಿಟ್ಟೆ. ಅಲ್ಲಿಂದ ಮುಂದೆ ಆ ಬಿಸಿ ಬಂದಾಗಲೆಲ್ಲ ಬರೆದಿದ್ದೇನೆ: ನೀರಿನ ಸರದಿಯಲ್ಲಿ, ಫೋನಿನ ಸರದಿಯಲ್ಲಿ, ಕೇರಂ ಹಲಗೆಯ ಮುಂದೆ. ಕೆಲವು ಸಲ ಸುಮ್ಮನಿದ್ದೆ. ಒಮ್ಮೆ ಒಬ್ಬ ಹುಡುಗನಿಗೆ ಅವನ ತಾಯಿಯ ಹೆಸರೆತ್ತಿ ಬೈದೆ. ಅವನು ಆ ದಿನ ಊಟ ಮಾಡಲಿಲ್ಲ. ಅದೂ ಪುಸ್ತಕದಲ್ಲಿದೆ. ಹೇಳಿಕೆಗೆ ಇದನ್ನೇ ಎತ್ತಿ ಬರೆದೆ. ಸಂಪೂರ್ಣ ಎಂಬ ಮಾತು ಹಾಕಲಿಲ್ಲ. ಬಿಸಿ ಬರುತ್ತದೆ, ಬಂದದ್ದು ನನಗೆ ಗೊತ್ತಾಗುತ್ತದೆ, ಕೈ ಎತ್ತಿಲ್ಲ, ಬಾಯಿ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ ಎಂದು ಬರೆದೆ.

ಇಷ್ಟಾಗುವ ಹೊತ್ತಿಗೆ ತಮ್ಮ ಸಂದರ್ಶನಕ್ಕೆ ಬಂದ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಹೊಲ ಅಳೆಸಿದ್ದನಂತೆ. ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟೇ ಸರ್ವೆಯವರು ಅಳೆಯಬೇಕು. ಹಾಗಾಗಿ ಅತ್ತಿಗೆ, ಸತ್ತವನ ಹೆಂಡತಿ, ಮಗನ ಜೊತೆ ಬಂದು ನಿಂತಿದ್ದಳಂತೆ. ನಕ್ಷೆಯ ಪ್ರಕಾರ ಬದು ಸರಿದಿರುವುದು ನಮ್ಮ ಹೊಲದೊಳಕ್ಕೆ. ಒಂದೂವರೆ ಗುಂಟೆಯೂ ಇಲ್ಲದ ಪಟ್ಟೆ, ಆದರೆ ನಮ್ಮದೇ. ಹೊಸದಾಗಿ ಬಾಂದು ಕಲ್ಲು ನೆಟ್ಟಿದ್ದಾರೆ.

‘ಇದನ್ನ ಅರ್ಜಿ ಜೊತೆ ಹಾಕ್ಲೇಬೇಕಣ್ಣ. ನೀನು ಸುಮ್‌ಸುಮ್ನೆ ಹೊಡೀಲಿಲ್ಲ ಅಂತ ಗೊತ್ತಾಗ್ಲಿ. ಸರ್ಕಾರದ ಸೀಲೇ ಐತೆ.’

ನಕ್ಷೆಯ ಪ್ರತಿಯನ್ನು ಇಸಿದುಕೊಂಡೆ. ಆ ರಾತ್ರಿ ಅದನ್ನು ಎಷ್ಟೋ ಸಲ ತೆಗೆದು ನೋಡಿದೆ, ನೋಡಿದಾಗಲೆಲ್ಲ ಎದೆ ಹಗುರಾಯಿತು. ನಾನು ಬರೆದ ಹೇಳಿಕೆಯಷ್ಟೂ ಆ ಒಂದು ಹಾಳೆಯ ಮುಂದೆ ಸಣ್ಣದಾಯಿತು. ಇಷ್ಟು ವರ್ಷ ನಾನು ಪಶ್ಚಾತ್ತಾಪ ಅಂದುಕೊಂಡಿದ್ದರ ಅಡಿಯಲ್ಲಿ ನ್ಯಾಯ ನನ್ನ ಕಡೆಗಿತ್ತು ಎಂಬ ನಂಬಿಕೆ ಹಾಗೇ ಕೂತಿತ್ತು. ಬದು ಅವನದೇ ಎಂದು ಗೊತ್ತಾಗಿದ್ದರೆ ಅಳುವುದು ಸುಲಭವಿತ್ತು. ಬದು ನನ್ನದು, ಆದರೂ ಆ ಎರಡನೆಯ ಏಟಿಗೆ ಯಾವ ನಕ್ಷೆಯಲ್ಲೂ ಸಮರ್ಥನೆಯಿಲ್ಲ: ಇದನ್ನು ಮನಸ್ಸಿಗೆ ಇಳಿಸಿಕೊಳ್ಳುವುದು ಮರಣೋತ್ತರ ವರದಿ ಓದಿದ್ದಕ್ಕಿಂತ ಹೆಚ್ಚು ನೋವಿನದಾಯಿತು.

ನಕ್ಷೆಯನ್ನು ಅರ್ಜಿಗೆ ಸೇರಿಸಲಿಲ್ಲ. ಇದರಲ್ಲೂ ನಾನು ಶುದ್ಧನೆಂದು ಹೇಳಲಾರೆ. ನಕ್ಷೆ ಇಟ್ಟರೆ ಬಿಡುಗಡೆಯನ್ನು ಪರಿಶೀಲಿಸುವ ಮಂಡಳಿಯವರು ಇವನಿಗಿನ್ನೂ ಬುದ್ಧಿ ಬಂದಿಲ್ಲ ಅಂದುಕೊಳ್ಳುತ್ತಾರೆ ಎಂದು ವಕೀಲರು ಎಚ್ಚರಿಸಿದ್ದರು. ಆ ಮಾತು ಕೇಳದಿದ್ದರೂ ಬಿಡುತ್ತಿದ್ದೆನೇ? ಬಿಡುತ್ತಿದ್ದೆ ಎಂದು ಆಣೆ ಮಾಡುವಷ್ಟು ನನ್ನ ಮೇಲೆ ನನಗೆ ನಂಬಿಕೆ ಬಂದಿಲ್ಲ.

ಬಿಲ್ಕಿಸ್ ಬಾನು ಅತ್ಯಾಚಾರ ಪ್ರಕರಣದ ಹನ್ನೊಂದು ಮಂದಿಯನ್ನು 2022ರ ಆಗಸ್ಟ್ 15ರಂದು ಗುಜರಾತಿನಲ್ಲಿ ಬಿಟ್ಟಾಗ, ಹಾರ ಹಾಕಿ ಸಿಹಿ ತಿನ್ನಿಸಿದ ಸುದ್ದಿ ನಮ್ಮ ಬ್ಯಾರಕ್ಕಿಗೂ ಬಂತು. ಅವರ ಕಡತದಲ್ಲೂ ನಡತೆ ಚೆನ್ನಾಗಿದೆ ಎಂದೇ ಬರೆದಿತ್ತು. 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ಬಿಡುಗಡೆಯನ್ನು ರದ್ದು ಮಾಡಿದಾಗ ಇಲ್ಲಿ ಹಲವರಿಗೆ ದಿಗಿಲಾಯಿತು, ಇನ್ನು ಯಾರನ್ನೂ ಬಿಡುವುದಿಲ್ಲ ಎಂದರು. ನನ್ನನ್ನು ಕಾಡಿದ್ದು ಆ ಹೆಣ್ಣುಮಗಳು. ಅವರನ್ನು ಬಿಡುವ ಮುನ್ನ ಅವಳನ್ನು ಒಂದು ಮಾತು ಯಾರೂ ಕೇಳಿರಲಿಲ್ಲ.

ನನ್ನ ವಿಷಯದಲ್ಲಿ ಕೇಳುತ್ತಾರೆ. ಪೊಲೀಸರು ಅತ್ತಿಗೆಯ ಮನೆಗೆ ಹೋಗಿ, ಇವನು ಬಂದರೆ ನಿಮ್ಮ ಆಕ್ಷೇಪಣೆ ಇದೆಯೇ ಎಂದು ವರದಿ ಬರೆದುಕೊಳ್ಳುತ್ತಾರೆ. ಊರಿನ ಹಿರಿಯರನ್ನು ಅವಳ ಹತ್ತಿರ ಕಳಿಸಬೇಡ, ರಾಜಿ ಮಾತು ಎತ್ತಬೇಡ ಎಂದು ತಮ್ಮನಿಗೆ ಹೇಳಿದ್ದೇನೆ. ಬೇಡ ಅನ್ನುವ ಅಧಿಕಾರ ಅವಳಿಗಿದೆ, ಅಂಜದೆ ಅನ್ನಲಿ. ಬಿಡುಗಡೆಯ ನಂತರದ ವಿಳಾಸ ಎಂಬಲ್ಲಿ ಊರಿನ ಹೆಸರು ಬರೆಯದೆ ತಾಲ್ಲೂಕು ಕೇಂದ್ರದಲ್ಲಿರುವ ಭಾವನ ಮನೆಯದನ್ನು ಬರೆದೆ. ನಮ್ಮ ಮನೆಗೆ ಹೋಗುವ ದಾರಿ ಅವಳ ಬಾಗಿಲ ಮುಂದೆಯೇ ಹಾಯುತ್ತದೆ.

ಇನ್ನು ಆ ಪಟ್ಟೆ. ಪಹಣಿ ನನ್ನ ಮತ್ತು ತಮ್ಮನ ಹೆಸರಲ್ಲಿ ಜಂಟಿಯಾಗಿದೆ. ಅಳತೆ ಏನೇ ಹೇಳಲಿ, ಅವಳ ಮಗ ಹಿಂದಿನಂತೆ ಅಲ್ಲಿಯವರೆಗೂ ಉತ್ತುಕೊಳ್ಳಲಿ, ನನ್ನ ಪಾಲಿನಲ್ಲಿ ಕಳೆದುಕೋ ಎಂದೆ. ತಮ್ಮ ಸಿಟ್ಟಾದ. ‘ನೀನು ಒಳಗೆ ಕೂತ್ಕೊಂಡು ದಾನ ಮಾಡ್ತೀಯ, ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡಬೇಕು’ ಅಂದ. ಅವನ ಮಾತಿನಲ್ಲೂ ಸತ್ಯವಿದೆ. ನಾನು ಒಳಗೆ ಬಂದ ಮೇಲೆ ನನ್ನ ಹೆಂಡತಿ ಮಕ್ಕಳನ್ನು ಆ ಹೊಲದಲ್ಲೇ ದುಡಿದು ಸಾಕಿದವನು ಅವನು. ಇನ್ನೂ ಒಪ್ಪಿಲ್ಲ. ಮುಂದಿನ ಸಂದರ್ಶನಕ್ಕೆ ಬಂದಾಗ ಮತ್ತೆ ಕೇಳುತ್ತೇನೆ.