ಬೆಲ್ಟಿನ ಮೇಲೆ ತಪ್ಪು ಹೊರಿಸುವ ಮುನ್ನ

ಬೆಳಗಿನ ಜಾವ ನಾಲ್ಕು ಗಂಟೆ. ಎರ್ನಾಕುಳಂನ ಒಂದು ಉಡುಪಿ ಹೋಟೆಲಿನ ತಾರಸಿಯ ಮೇಲೆ, ತಗಡಿನ ಮಾಡಿನಡಿ ನೀವು ನಿಂತಿದ್ದೀರಿ. ಇಲ್ಲಿಯವರು ಇಡವಪ್ಪಾದಿ ಎನ್ನುವ ಮುಂಗಾರು ಮಳೆ ಬಿಡದೆ ಸುರಿಯುತ್ತಿದೆ. ಎದುರಿಗೆ ಅಡುಗೆಮನೆಯ ಹೊಗೆ ಎಳೆಯುವ ಬ್ಲೋವರು. ಬಸವನಹುಳದ ಚಿಪ್ಪಿನಂಥ ತಗಡಿನ ಗೂಡು, ಪಕ್ಕದಲ್ಲಿ 5 ಎಚ್‌ಪಿ ಮೋಟಾರು, ಎರಡನ್ನೂ ಬೆಸೆಯುವ ಎರಡು ಬೆಲ್ಟು. ನಿನ್ನೆಯಿಂದ ಮೋಟಾರು ಅರ್ಧ ಗಂಟೆಗೊಮ್ಮೆ ಟ್ರಿಪ್ ಆಗುತ್ತಿದೆ.

ಕಾಸರಗೋಡಿನ ಮೇಸ್ತ್ರಿ ಮೊದಲು ಕ್ಲ್ಯಾಂಪ್ ಮೀಟರು ಹಿಡಿಯುತ್ತಾರೆ. ಮೋಟಾರಿನ ಪ್ಲೇಟಿನಲ್ಲಿ ಬರೆದದ್ದು 7.5 ಆಂಪಿಯರ್, ಮೀಟರು ತೋರಿಸುವುದು ಒಂಬತ್ತಕ್ಕೂ ಮೇಲೆ. ಅವರು ಮೇನ್ ಇಳಿಸಿ, ಬೀಗ ಜಡಿದು, ಬೀಗದ ಕೈಯನ್ನು ಜೇಬಿಗೆ ಹಾಕುತ್ತಾರೆ. ಆಮೇಲೆಯೇ ಬೆಲ್ಟಿನ ಗಾರ್ಡು ಬಿಚ್ಚುವುದು.

"ಬೆಲ್ಟು ಹೋಗಿರಬೇಕು ಅಣ್ಣ, ಬದಲಾಯಿಸುವನಾ?" ಪುತ್ತೂರಿನ ಹುಡುಗ ಆಗಲೇ ಹೊಸದನ್ನು ಕೈಯಲ್ಲಿ ಹಿಡಿದಿದ್ದಾನೆ.

"ತಡಿ ಮಾರಾಯ. ಮೊದಲು ಪುಲ್ಲಿ ಅಳೆ."

ಬ್ಲೋವರಿನ ಪುಲ್ಲಿ 250 ಮಿ.ಮೀ., ಮೋಟಾರಿನದು 150. ಹಳೆಯ ರಿಜಿಸ್ಟರಿನಲ್ಲಿರುವುದು 125. ಕತೆ ಅಲ್ಲಿಗೆ ಬಿಚ್ಚಿಕೊಳ್ಳುತ್ತದೆ. ಫಿಲ್ಟರಿನಲ್ಲಿ ಎಣ್ಣೆ ಜಿಡ್ಡು ಕಟ್ಟಿ ಹೊಗೆ ನಿಂತಾಗ, ಯಾರೋ ವೇಗ ಹೆಚ್ಚಿಸಲು ಪುಲ್ಲಿ ಬದಲಿಸಿದ್ದಾರೆ. 1440 ಸುತ್ತಿನ ಮೋಟಾರಿಗೆ ಬ್ಲೋವರು 720 ಸುತ್ತು ತಿರುಗಬೇಕಾದಲ್ಲಿ 864 ತಿರುಗುತ್ತಿದೆ. ವೇಗ ಏರಿದ್ದು ಶೇ. 20 ಮಾತ್ರ, ಆದರೆ ಫ್ಯಾನು ಬೇಡುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಶೇ. 73ರಷ್ಟು. ಫಿಲ್ಟರು ಕಟ್ಟಿದ್ದಷ್ಟು ದಿನ ಗಾಳಿ ಕಡಿಮೆ, ಹೊರೆಯೂ ಕಡಿಮೆ. ತಪ್ಪು ಅಡಗಿ ಕೂತಿತ್ತು. ಮೊನ್ನೆ ಫಿಲ್ಟರು ತೊಳೆದದ್ದೇ ತಡ, ಗಾಳಿ ಧಾರಾಳವಾಗಿ ಹರಿಯಿತು, ಮೋಟಾರು ಸೋತಿತು.

ಮೇಸ್ತ್ರಿ 125ರ ಪುಲ್ಲಿ ಕೂರಿಸುತ್ತಾರೆ. ಎರಡೂ ಪುಲ್ಲಿಗಳ ಮುಖಕ್ಕೆ ದಾರ ಬಿಗಿಯಾಗಿ ಹಿಡಿಯಲು ನಿಮಗೇ ಹೇಳುತ್ತಾರೆ. ನಾಲ್ಕು ಕಡೆಯೂ ಅದು ತಾಗಬೇಕು. ಬೆಲ್ಟುಗಳಲ್ಲಿ ಒಂದರ ಅಂಚು ಸವೆದಿದ್ದರೂ ಎರಡನ್ನೂ ಬದಲಿಸುತ್ತಾರೆ, ಹಳತು ಹೊಸತು ಜೋಡಿಸಿದರೆ ಹೊಸದೇ ಎಲ್ಲ ಹೊರೆ ಹೊರಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಲು ಹೋದ ಹುಡುಗನ ಕೈ ತಡೆದು, ಮೋಟಾರನ್ನು ಹಳಿಯ ಮೇಲೆ ಬ್ಲೋವರಿನ ಕಡೆಗೆ ಸರಿಸಿ ಬೆಲ್ಟು ಕೂರಿಸುತ್ತಾರೆ. ಪುಲ್ಲಿಗಳ ನಡುವೆ ಸುಮಾರು 40 ಸೆಂ.ಮೀ. ಅಂತರ, ನಡುವೆ ಬೆರಳಿನಿಂದ ಒತ್ತಿದರೆ 6 ಮಿ.ಮೀ.ನಷ್ಟು ಬಾಗಬೇಕು. ಅತಿ ಬಿಗಿಯಾದರೆ ಬೇರಿಂಗಿಗೆ ಪೆಟ್ಟು, ಸಡಿಲಾದರೆ ಜಾರಿ ಸುಟ್ಟ ವಾಸನೆ.

ಸ್ವಿಚ್ಚು ಹಾಕಿದಾಗ ಮೀಟರಿನಲ್ಲಿ ಆರಕ್ಕೂ ಕಡಿಮೆ. ಕೆಳಗೆ ದೋಸೆ ಕಾವಲಿ ಬಿಸಿಯಾಗುತ್ತದೆ, ಹೊಗೆ ಎಲ್ಲಿಯೂ ನಿಲ್ಲದೆ ಮೇಲಕ್ಕೆ ಹೋಗುತ್ತದೆ.

ಮಧ್ಯಾಹ್ನದ ರೈಲಿನಲ್ಲಿ ತಿರುವನಂತಪುರ. ಕಳಕ್ಕೂಟ್ಟಂನ ಟೆಕ್ನೋಪಾರ್ಕಿನ ಹತ್ತಿರದ ಒಂದು ಕಟ್ಟಡ, ತಳಮಹಡಿಯ ಏರ್ ಹ್ಯಾಂಡ್ಲರ್ ಕೋಣೆ. ಒಂದು ಬ್ಲೋವರು ಓಡುತ್ತಿದೆ, ಇನ್ನೊಂದು ಬದಲಿಯಾಗಿ ತಿಂಗಳುಗಟ್ಟಲೆ ನಿಂತಿದೆ. ಓಡುವುದರ ಅಡಿಯಲ್ಲಿ ಕಪ್ಪು ಪುಡಿ ಉದುರಿದೆ: ಪುಲ್ಲಿ ಓರೆ, ಬೆಲ್ಟು ತಿನ್ನುತ್ತಿದೆ. ಹಾಗಾಗಿ ನಿಂತದ್ದನ್ನು ಓಡಿಸಬೇಕು. ಹುಡುಗ ಸ್ಟಾರ್ಟರಿಗೆ ಕೈ ಹಾಕುವಷ್ಟರಲ್ಲಿ ಮೇಸ್ತ್ರಿ ಸುರುಳಿಯ ನಿರೋಧನ ಅಳೆಯುವ ಮೆಗ್ಗರ್ ತೆರೆಯುತ್ತಾರೆ. ಮುಳ್ಳು ಒಂದು ಮೆಗಾಓಮಿಗೂ ಕೆಳಗೇ ನಿಲ್ಲುತ್ತದೆ. ಕಡಲ ದಂಡೆಯ ತೇವ ಸುರುಳಿಯ ನಿರೋಧಕಕ್ಕೆ ಇಳಿದಿದೆ. ಈಗ ವಿದ್ಯುತ್ತು ಕೊಟ್ಟರೆ ಸುಟ್ಟೇ ಹೋದೀತು. ಮೋಟಾರಿಗೆ ಹೊದಿಕೆ ಹಾಕಿ, ಒಳಗೆ ಬಲ್ಬು ಉರಿಸಿ, ಇಡೀ ರಾತ್ರಿ ಒಣಗಿಸುತ್ತಾರೆ. ಬೆಳಿಗ್ಗೆ ಮುಳ್ಳು ಏರಿದ ಮೇಲೆಯೇ ಅದು ತಿರುಗುತ್ತದೆ.

ಹುಡುಗನಿಗೆ ಮೇಸ್ತ್ರಿ ರಿಜಿಸ್ಟರು ಕೊಡುತ್ತಾರೆ: ತಾರೀಕು, ಬೆಲ್ಟಿನ ನಂಬರು, ಪುಲ್ಲಿಯ ಅಳತೆ, ಕರೆಂಟು, ಮೆಗ್ಗರಿನ ಓದು. ಬದಲಿ ಬ್ಲೋವರನ್ನು ತಿಂಗಳಿಗೊಮ್ಮೆಯಾದರೂ ಓಡಿಸಬೇಕೆಂದೂ ಬರೆಸುತ್ತಾರೆ. ಬೆಲ್ಟು ಅಗ್ಗ, ಆದ್ದರಿಂದಲೇ ಎಲ್ಲರೂ ಮೊದಲು ಅದನ್ನು ಬದಲಿಸಿ ಕಾರಣವನ್ನು ಮುಟ್ಟದೆ ಬಿಡುತ್ತಾರೆ. ಎರ್ನಾಕುಳಂನ ತಪ್ಪು ಸಿಕ್ಕಿದ್ದು ಹಿಂದೊಮ್ಮೆ ಯಾರೋ ಶ್ರದ್ಧೆಯಿಂದ 125 ಎಂದು ಬರೆದಿಟ್ಟದ್ದರಿಂದ. ಮುಂದೆ ಬರುವ ಕೆಲಸಗಾರನಿಗೂ ಅಂಥದೊಂದು ಸಾಲು ಸಿಗಬೇಕು.