ಮಾಲಗೋಸ್‌ನ ಹದ್ದುಗಳು

ಫಿಲಿಪೀನ್ಸ್ ದೇಶದ ದಕ್ಷಿಣಕ್ಕಿರುವ ಮಿಂಡನಾವೊ ದ್ವೀಪದ ದೊಡ್ಡ ನಗರ ದವಾವೊ. ಮೈತುಂಬ ಮುಳ್ಳಿರುವ, ನಮ್ಮ ಹಲಸಿನ ತಮ್ಮನಂತೆ ಕಾಣುವ ಡೂರಿಯನ್ ಹಣ್ಣಿಗೆ ಇದು ಹೆಸರುವಾಸಿ. ಹಣ್ಣಿನ ರುಚಿಗೆ ಮಾರುಹೋದವರಂತೆ ಅದರ ವಾಸನೆಗೆ ಮೂಗು ಮುಚ್ಚಿಕೊಳ್ಳುವವರೂ ಇಲ್ಲಿ ಉಂಟು. ಪೇಟೆಯ ಗದ್ದಲ ದಾಟಿ ಬೆಟ್ಟದ ಕಡೆ ಸಾಗಿದರೆ ಮಾಲಗೋಸ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ ಮರಗಳ ನೆರಳಿನಲ್ಲಿದೆ ಫಿಲಿಪೀನ್ಸ್ ಹದ್ದುಗಳ ಕೇಂದ್ರ.

ಸುಮಾರು 1 ಮೀಟರ್ ಉದ್ದದ ಹಕ್ಕಿ. ರೆಕ್ಕೆ ಬಿಚ್ಚಿದರೆ 2 ಮೀಟರ್ ಅಗಲ. ಕೆರಳಿದಾಗ ತಲೆಯ ಗರಿಗಳು ಸಿಂಹದ ಕೇಸರದಂತೆ ನಿಲ್ಲುತ್ತವೆ. ಹೊರಜಗತ್ತಿನ ವಿಜ್ಞಾನಿಗಳಿಗೆ ಇದರ ಪರಿಚಯವಾದದ್ದು 1896ರಲ್ಲಿ, ಸಮಾರ್ ದ್ವೀಪದಲ್ಲಿ. ಆಗ ಬಿದ್ದ ಹೆಸರು 'ಕೋತಿ ತಿನ್ನುವ ಹದ್ದು'. ಆದರೆ ಮಿಂಡನಾವೊ ಕಾಡಿನಲ್ಲಿ ಇದರ ಮುಖ್ಯ ಆಹಾರ ಕೋತಿಯಲ್ಲ. ನಮ್ಮ ಮಲೆನಾಡಿನ ಹಾರುಬೆಕ್ಕಿನಂತೆ ಮರದಿಂದ ಮರಕ್ಕೆ ತೇಲುವ ಕಾಗ್ವಾಂಗ್ ಎಂಬ ಪ್ರಾಣಿ. 1995ರಲ್ಲಿ ಈ ಹದ್ದು ಆ ದೇಶದ ರಾಷ್ಟ್ರಪಕ್ಷಿಯಾಯಿತು. ಅಲ್ಲಿಯವರೆಗೆ ಆ ಗೌರವ ಇದ್ದದ್ದು ಗುಬ್ಬಚ್ಚಿ ಗಾತ್ರದ ರಾಟವಾಳಕ್ಕೆ!

ಜೋಡಿಯೊಂದು ಎರಡು ವರ್ಷಕ್ಕೊಮ್ಮೆ ಇಡುವುದು ಒಂದೇ ಮೊಟ್ಟೆ. ಮರಿ ಒಂದು ವರ್ಷಕ್ಕೂ ಹೆಚ್ಚು ಕಾಲ ತಂದೆತಾಯಿಯನ್ನೇ ನಂಬಿರುತ್ತದೆ. ಹೀಗಿರುವಾಗ ಒಂದು ಹಕ್ಕಿ ಸತ್ತರೂ ಆ ನಷ್ಟ ತುಂಬಲು ವರ್ಷಗಳೇ ಬೇಕು. ಈಗ ಕಾಡಿನಲ್ಲಿ ಉಳಿದಿರುವುದು ಸುಮಾರು 400 ಜೋಡಿಗಳೆಂದು ಅಂದಾಜು.

1992ರ ಜನವರಿ 15ರಂದು ಕೃತಕ ಗರ್ಭಧಾರಣೆಯಿಂದ ಈ ಸಂಸ್ಥೆಯವರು ಮರಿಯೊಂದನ್ನು ಪಡೆದರು. ಹೆಸರು 'ಪಗ್‌ಅಸಾ', ಎಂದರೆ ಭರವಸೆ. ನಮ್ಮ 'ಆಶಾ' ಎಂಬ ಶಬ್ದವೇ ಕಡಲು ದಾಟಿ ಅಲ್ಲಿ 'ಅಸಾ' ಆಗಿದೆ. ಆದರೆ ಮನುಷ್ಯರ ಕೈಯಲ್ಲಿ ಬೆಳೆದ ಪಗ್‌ಅಸಾ ಹೆಣ್ಣು ಹದ್ದುಗಳತ್ತ ತಿರುಗಿಯೂ ನೋಡಲಿಲ್ಲ. ತನ್ನನ್ನು ನೋಡಿಕೊಳ್ಳುವಾತನೇ ತನ್ನ ಸಂಗಾತಿ ಎಂದು ನಂಬಿತು! ಆತನ ಒಡನಾಟದಲ್ಲೇ ವೀರ್ಯ ಸಂಗ್ರಹಿಸಿ, 2013ರಲ್ಲಿ ಇದಕ್ಕೊಂದು ಮರಿಯಾಯಿತು. 2021ರ ಜನವರಿಯಲ್ಲಿ, 29 ತುಂಬಲು ಇನ್ನು ಕೆಲವೇ ದಿನಗಳಿರುವಾಗ, ಸೋಂಕಿನಿಂದ ಪಗ್‌ಅಸಾ ಸತ್ತಿತು.

ಪಂಜರದಲ್ಲಿ ಹುಟ್ಟಿದ್ದನ್ನು ಕಾಡಿಗೆ ಬಿಡುವುದು ಇನ್ನೂ ಕಷ್ಟದ ಕೆಲಸ. 2004ರ ಏಪ್ರಿಲ್‌ನಲ್ಲಿ ಕಬಾಯನ್ ಎಂಬ ಹದ್ದನ್ನು ಅಪೊ ಪರ್ವತದ ಕಾಡಿಗೆ ಬಿಟ್ಟರು. ಮರುವರ್ಷದ ಜನವರಿಯಲ್ಲಿ ಅದು ವಿದ್ಯುತ್ ಕಂಬದ ಮೇಲೆ ಕುಳಿತು ಆಘಾತದಿಂದ ಸತ್ತಿತು. ಕಾಗ್‌ಸಬುವಾ ಎಂಬ ಇನ್ನೊಂದು ಕಾಡಿನಲ್ಲೇ ಹುಟ್ಟಿದ ಹಕ್ಕಿ. ಗುಂಡೇಟು ತಿಂದಿದ್ದ ಅದಕ್ಕೆ ಚಿಕಿತ್ಸೆ ನೀಡಿ 2008ರಲ್ಲಿ ಕಿಟಂಗ್ಲಾಡ್ ಬೆಟ್ಟದಲ್ಲಿ ಬಿಟ್ಟರೆ, ಕೆಲವೇ ತಿಂಗಳಲ್ಲಿ ಒಬ್ಬಾತ ಅದನ್ನು ಹೊಡೆದು ತಿಂದುಹಾಕಿದ.

ಹೀಗಾಗಿ ಕೇಂದ್ರದವರ ಗಮನ ಈಗ ಪಂಜರದಿಂದಾಚೆ, ಕಾಡಂಚಿನ ಹಳ್ಳಿಗಳತ್ತಲೂ ಹರಿದಿದೆ. ದವಾವೊ ಬೆಟ್ಟಗಳಲ್ಲಿ ಅಲ್ಲಿನ ಬುಡಕಟ್ಟಿನವರೇ 'ಬಂಟಾಯ್ ಬುಕಿದ್', ಅಂದರೆ ಬೆಟ್ಟದ ಕಾವಲುಗಾರರಾಗಿ ಕಾಡು ಸುತ್ತುತ್ತಾರೆ. ಮರಗಳ್ಳರ ಮೇಲೆ, ಬೇಟೆಗಾರರ ಮೇಲೆ ಕಣ್ಣಿಡುವುದು ಅವರ ಕೆಲಸ.